ಜಿಂಕ್ ಮಾತ್ರೆ: ಶುರು ಮಾಡುವ ದಿನವೇ ನಿಲ್ಲಿಸುವ ದಿನವನ್ನೂ ಬರೆದಿಡಿ

ಒಂದು ಡಬ್ಬಿಯ ಮೇಲೆ 'ಜಿಂಕ್ ಸಲ್ಫೇಟ್ 220 ಮಿ.ಗ್ರಾಂ' ಎಂದಿದೆ. ಪಕ್ಕದ ಡಬ್ಬಿಯ ಮೇಲೆ 'ಜಿಂಕ್ 50 ಮಿ.ಗ್ರಾಂ' ಎಂದಿದೆ. ಯಾವುದರಲ್ಲಿ ಜಿಂಕ್ ಹೆಚ್ಚು?

ಎರಡರಲ್ಲೂ ಒಂದೇ ಅಷ್ಟು. ಮೊದಲನೆಯದು ಇಡೀ ಲವಣದ ತೂಕ ಹೇಳುತ್ತಿದೆ, ಎರಡನೆಯದು ಆ ಲವಣದೊಳಗೆ ಇರುವ ಸತುವಿನ, ಅಂದರೆ ಜಿಂಕ್‌ನ, ತೂಕ ಹೇಳುತ್ತಿದೆ. ಆ 50 ಮಿ.ಗ್ರಾಂ ಕೂಡ ಸಣ್ಣ ಪ್ರಮಾಣವಲ್ಲ. ವಯಸ್ಕರೊಬ್ಬರಿಗೆ ದಿನಕ್ಕೆ ಬೇಕಾಗುವುದರ ನಾಲ್ಕರಿಂದ ಆರು ಪಟ್ಟು. ಒಂದೆರಡು ವಾರಕ್ಕೆಂದು ಬರೆದುಕೊಟ್ಟ ಇಂಥ ಮಾತ್ರೆಯನ್ನು 'ರೋಗನಿರೋಧಕ ಶಕ್ತಿಗೆ ಒಳ್ಳೆಯದಂತೆ' ಎಂದು ತಿಂಗಳುಗಟ್ಟಲೆ ನುಂಗುವವರಿದ್ದಾರೆ. ಜಿಂಕ್ ಒಳ್ಳೆಯದೇ, ಅದಿಲ್ಲದೆ ದೇಹ ನಡೆಯುವುದಿಲ್ಲ. ಆದರೆ ಮಾತ್ರೆಯ ರೂಪದಲ್ಲಿ ಬಂದಾಗ ಅದು ಔಷಧ. ಔಷಧಕ್ಕೆ ಇರಬೇಕಾದಂತೆ ಇದಕ್ಕೂ ಒಂದು ಕಾರಣ, ಒಂದು ಅಳತೆ, ಒಂದು ಕೊನೆಯ ದಿನ ಇರಬೇಕು. ಈ ಲೇಖನ ಬರೆಯಲು ಕಾರಣವೇ ಅದು.

ಮೊದಲ ಹೆಜ್ಜೆ: ನಿಮಗೆ ನಿಜವಾಗಿಯೂ ಬೇಕೇ?

ನಮ್ಮ ದೇಹದಲ್ಲಿರುವ ಸತು ಒಟ್ಟು ಎರಡು ಮೂರು ಗ್ರಾಂ ಅಷ್ಟೇ. ಅದರ ಬಹುಪಾಲು ಸ್ನಾಯು ಮತ್ತು ಮೂಳೆಗಳಲ್ಲಿದೆ. 300ಕ್ಕೂ ಹೆಚ್ಚು ಕಿಣ್ವಗಳ ಕೆಲಸಕ್ಕೆ ಅದು ಬೇಕು. ಜೀವಕೋಶ ಎರಡಾಗುವುದು, ಗಾಯ ಮಾಯುವುದು, ರುಚಿ ಮತ್ತು ವಾಸನೆ ತಿಳಿಯುವುದು, ಮಕ್ಕಳು ಬೆಳೆಯುವುದು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ತಯಾರಾಗುವುದು, ಇವೆಲ್ಲದರಲ್ಲೂ ಅದರ ಕೈವಾಡವಿದೆ. ಕಬ್ಬಿಣಾಂಶವನ್ನು ದೇಹ ಉಗ್ರಾಣದಲ್ಲಿಟ್ಟಂತೆ ಕೂಡಿಟ್ಟುಕೊಳ್ಳುತ್ತದೆ. ಸತುವಿಗೆ ಅಂಥ ಉಗ್ರಾಣವಿಲ್ಲ, ಆದ್ದರಿಂದ ಊಟದಿಂದ ದಿನದಿನವೂ ಬರುತ್ತಿರಬೇಕು.

ಮನುಷ್ಯರಲ್ಲಿ ಸತುವಿನ ಕೊರತೆಯಾಗಬಹುದು ಎಂದು ವೈದ್ಯಲೋಕ ಒಪ್ಪಿಕೊಂಡದ್ದೇ ತೀರ ಇತ್ತೀಚೆಗೆ. ಭಾರತ ಮೂಲದ ವೈದ್ಯ ಆನಂದ ಪ್ರಸಾದ್ ಇರಾನಿನ ಶಿರಾಜ್‌ನಲ್ಲಿ ಕೆಲಸ ಮಾಡುತ್ತಿದ್ದಾಗ 21 ವರ್ಷದ ಯುವಕನೊಬ್ಬನನ್ನು ನೋಡಿದರು. ಮೈಕಟ್ಟು ಹತ್ತು ವರ್ಷದ ಹುಡುಗನದು, ಪ್ರೌಢಾವಸ್ಥೆಯ ಗುರುತೇ ಇರಲಿಲ್ಲ. 1961ರಲ್ಲಿ ಅವರು ಇಂಥ ರೋಗಿಗಳ ಬಗ್ಗೆ ಬರೆದರು, ಬಳಿಕ ಈಜಿಪ್ಟಿನಲ್ಲಿ ಅಧ್ಯಯನ ಮುಂದುವರಿಸಿ, ಕಾರಣ ಸತುವಿನ ಕೊರತೆ ಎಂದು ತೋರಿಸಿದರು. ಸತು ಕೊಟ್ಟಾಗ ಬೆಳವಣಿಗೆ ನಿಂತೇಹೋಗಿದ್ದ ಹುಡುಗರು ಒಂದೇ ವರ್ಷದಲ್ಲಿ ಐದಾರು ಇಂಚು ಎತ್ತರವಾದರು. ಅಮೆರಿಕದಲ್ಲಿ ದಿನಕ್ಕೆ ಇಷ್ಟು ಸತು ಅಗತ್ಯ ಎಂಬ ಶಿಫಾರಸು ಬಂದದ್ದು 1974ರಲ್ಲಿ.

ಜಿಂಕ್‌ನ ಲಾಭದ ಬಗ್ಗೆ ಓದುವಾಗಲೆಲ್ಲ ಈ ಹುಡುಗರನ್ನು ನೆನಪಿಡಿ. ಅಂಥ ಬದಲಾವಣೆ ಕಂಡದ್ದು ಕೊರತೆ ಇದ್ದವರಲ್ಲಿ. ಕೊರತೆಯೇ ಇಲ್ಲದವರಿಗೆ ಅದೇ ಮಾತ್ರೆ ಕೊಟ್ಟರೆ ಎತ್ತರವೂ ಹೆಚ್ಚುವುದಿಲ್ಲ, ಕೂದಲೂ ದಟ್ಟವಾಗುವುದಿಲ್ಲ, ಪುರುಷ ಹಾರ್ಮೋನೂ ಏರುವುದಿಲ್ಲ.

ಹಾಗಾದರೆ ಕೊರತೆಯ ಸಾಧ್ಯತೆ ಯಾರಿಗೆ ಹೆಚ್ಚು? ಕ್ರೋನ್ಸ್, ಸೀಲಿಯಾಕ್‌ನಂಥ ಕರುಳಿನ ಕಾಯಿಲೆ ಇರುವವರು, ತೂಕ ಇಳಿಸಲು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ದೀರ್ಘಕಾಲದ ಭೇದಿಯಿಂದ ನರಳುತ್ತಿರುವವರು, ವರ್ಷಗಟ್ಟಲೆ ವಿಪರೀತ ಮದ್ಯ ಕುಡಿದವರು, ಸಿಕಲ್ ಸೆಲ್ ಕಾಯಿಲೆಯವರು. ಗರ್ಭಿಣಿಯರಿಗೆ ಮತ್ತು ಹಾಲುಣಿಸುವ ತಾಯಂದಿರಿಗೆ ಅಗತ್ಯವೇ ಹೆಚ್ಚಾಗುತ್ತದೆ. ಆರು ತಿಂಗಳು ದಾಟಿದ ಮಗುವಿಗೆ ಎದೆಹಾಲಿನಲ್ಲಿರುವ ಸತು ಮಾತ್ರ ಸಾಲದು, ಮೇಲಿನ ಆಹಾರವೂ ಬೇಕು. ಮಾಂಸ ಮುಟ್ಟದೆ ಬರೀ ಧಾನ್ಯ, ಬೇಳೆಕಾಳುಗಳ ಮೇಲೆ ಇರುವವರಿಗೂ ಸ್ವಲ್ಪ ಎಚ್ಚರ ಬೇಕು, ಅದರ ಕಾರಣ ಮುಂದೆ ಬರುತ್ತದೆ.

ಲಕ್ಷಣಗಳನ್ನು ನೋಡಿ ನೀವೇ ತೀರ್ಮಾನಿಸುವುದು ಕಷ್ಟ. ಕೂದಲು ಉದುರುವುದು, ಗಾಯ ಬೇಗ ಮಾಯದಿರುವುದು, ರುಚಿ ಗೊತ್ತಾಗದಿರುವುದು, ಪದೇಪದೇ ಸೋಂಕು, ಬಾಯಿಯ ಸುತ್ತ ಚರ್ಮ ಕೆಂಪಾಗಿ ಸುಲಿಯುವುದು, ಇವು ಸತುವಿನ ಕೊರತೆಯಲ್ಲಿ ಬರುತ್ತವೆ ನಿಜ. ಥೈರಾಯ್ಡ್, ಮಧುಮೇಹ, ರಕ್ತಹೀನತೆಯಂಥ ತೊಂದರೆಗಳಲ್ಲೂ ಇವುಗಳಲ್ಲಿ ಕೆಲವು ಬರುತ್ತವೆ. ಉಗುರಿನ ಮೇಲಿನ ಬಿಳಿ ಚುಕ್ಕೆಯನ್ನು ನೋಡಿ 'ಜಿಂಕ್ ಕಡಿಮೆ' ಎನ್ನುವುದಂತೂ ನಂಬಬೇಕಾದ ಮಾತಲ್ಲ. ಉಗುರಿಗೆ ಬಿದ್ದ ಸಣ್ಣ ಪೆಟ್ಟಿನಿಂದಲೇ ಅಂಥ ಚುಕ್ಕೆಗಳು ಮೂಡುವುದು ಹೆಚ್ಚು.

ರಕ್ತಪರೀಕ್ಷೆ ಇದೆ. ಆದರೆ ದೇಹದ ಒಟ್ಟು ಸತುವಿನಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗ ಮಾತ್ರ ರಕ್ತದ ದ್ರವಭಾಗದಲ್ಲಿರುತ್ತದೆ. ಜ್ವರ ಅಥವಾ ಸೋಂಕು ಇದ್ದಾಗ ಆ ಅಂಕಿ ತಾನಾಗಿಯೇ ಇಳಿಯುತ್ತದೆ, ಊಟವಾದ ಮೇಲೂ ಇಳಿಯುತ್ತದೆ. ಹಾಗಾಗಿ ಪರೀಕ್ಷೆ ಮಾಡಿಸುವುದಾದರೆ ಸೋಂಕಿಲ್ಲದ ಸಮಯದಲ್ಲಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿ. ಬಂದ ಅಂಕಿಯನ್ನು ನಿಮ್ಮ ಆಹಾರ, ಕಾಯಿಲೆಗಳ ಜತೆಗಿಟ್ಟು ನೋಡುವ ಕೆಲಸ ವೈದ್ಯರದು.

ಎರಡನೇ ಹೆಜ್ಜೆ: ತಟ್ಟೆಯ ಕಡೆ ಒಮ್ಮೆ ನೋಡಿ

ಸತು ಅತಿ ಹೆಚ್ಚಾಗಿರುವ ಆಹಾರ ಸಿಂಪಿ (ಆಯ್ಸ್ಟರ್ ಎಂಬ ಕಡಲ ಚಿಪ್ಪುಜೀವಿ). ಕೆಂಪು ಮಾಂಸ, ಏಡಿ, ಕೋಳಿ, ಮೊಟ್ಟೆ, ಹಾಲಿನ ಪದಾರ್ಥಗಳಲ್ಲೂ ಇದೆ. ಸಸ್ಯಾಹಾರದಲ್ಲಿ ಕುಂಬಳದ ಬೀಜ, ಗೋಡಂಬಿ, ಎಳ್ಳು, ಕಡಲೆ, ಇಡೀ ಧಾನ್ಯಗಳು. ಧಾನ್ಯ ಮತ್ತು ಕಾಳುಗಳಲ್ಲಿ ಫೈಟೇಟ್ ಎಂಬ ಅಂಶವಿದ್ದು, ಅದು ಕರುಳಿನಲ್ಲಿ ಸತುವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರಲು ಬಿಡುವುದಿಲ್ಲ. ಕಾಳು ನೆನೆಸಿದರೆ, ಮೊಳಕೆ ಬರಿಸಿದರೆ, ಹಿಟ್ಟನ್ನು ಹುದುಗು ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಕೊರತೆ ಇಲ್ಲದ ಹೆಚ್ಚಿನವರಿಗೆ ಇಷ್ಟೇ ಸಾಕು. ಊಟದಿಂದ ಬರುವ ಸತು ಅತಿಯಾಗುವುದು ಬಹಳ ಅಪರೂಪ. ತೊಂದರೆ ಬರುವುದು ಮಾತ್ರೆಯಿಂದ.

ಮೂರನೇ ಹೆಜ್ಜೆ: ಲೇಬಲ್ ಓದುವುದು

ಇಲ್ಲಿ ನಿಧಾನವಾಗಿ ಓದಿ. ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ ಇದು.

ಶುದ್ಧ ಸತುವನ್ನು ಯಾರೂ ಮಾತ್ರೆಯಾಗಿ ಕೊಡುವುದಿಲ್ಲ. ಸಲ್ಫೇಟ್, ಗ್ಲೂಕೊನೇಟ್, ಸಿಟ್ರೇಟ್, ಅಸಿಟೇಟ್, ಆಕ್ಸೈಡ್ ಹೀಗೆ ಯಾವುದಾದರೊಂದು ಲವಣದ ರೂಪದಲ್ಲಿ ಕೊಡುತ್ತಾರೆ. ಪ್ರತಿ ಲವಣದಲ್ಲೂ ಸತುವಿನ ಪಾಲು ಬೇರೆ. ಗ್ಲೂಕೊನೇಟ್‌ನಲ್ಲಿ ಸುಮಾರು ಶೇ. 14, ಅಸಿಟೇಟ್‌ನಲ್ಲಿ ಸುಮಾರು ಶೇ. 30, ಆಕ್ಸೈಡ್‌ನಲ್ಲಿ ಶೇ. 80. ಸಲ್ಫೇಟ್‌ನಲ್ಲಿ ಎರಡು ಬಗೆ: ನೀರಿನ ಅಂಶ ಹೆಚ್ಚಿರುವ ಹೆಪ್ಟಾಹೈಡ್ರೇಟ್‌ನಲ್ಲಿ ಶೇ. 23, ಮೊನೊಹೈಡ್ರೇಟ್‌ನಲ್ಲಿ ಶೇ. 36. ಹಾಗಾಗಿ 70 ಮಿ.ಗ್ರಾಂ ಗ್ಲೂಕೊನೇಟ್ ಎಂದರೆ ಹೆಚ್ಚು ಕಡಿಮೆ 10 ಮಿ.ಗ್ರಾಂ ಸತು, 55 ಮಿ.ಗ್ರಾಂ ಸಲ್ಫೇಟ್ ಮೊನೊಹೈಡ್ರೇಟ್ ಎಂದರೆ 20 ಮಿ.ಗ್ರಾಂ ಸತು.

ಈ ಲೆಕ್ಕವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಲೇಬಲ್ ಮೇಲೆ 'ಎಲಿಮೆಂಟಲ್ ಜಿಂಕ್' ಎಂಬ ಪದ ಹುಡುಕಿ, ಅದರ ಮುಂದಿರುವ ಅಂಕಿಯೇ ನಿಮಗೆ ಬೇಕಾದದ್ದು. ಆ ಪದ ಕಾಣದಿದ್ದರೆ ಔಷಧ ಕೊಡುವವರನ್ನು 'ಇದರಲ್ಲಿ ಎಲಿಮೆಂಟಲ್ ಜಿಂಕ್ ಎಷ್ಟಿದೆ?' ಎಂದೇ ಕೇಳಿ. ಅವರೂ ಹೇಳಲಾಗದಿದ್ದರೆ ಬೇರೆ ಡಬ್ಬಿ ತೆಗೆದುಕೊಳ್ಳಿ.

ಯಾವ ಲವಣ ಒಳ್ಳೆಯದು ಎಂಬ ಚರ್ಚೆಗೆ ಕೊನೆಯಿಲ್ಲ. ಸಿಟ್ರೇಟ್ ಮತ್ತು ಗ್ಲೂಕೊನೇಟ್ ಎರಡೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ದೇಹ ಸೇರುತ್ತವೆ, ಆಕ್ಸೈಡ್ ಸ್ವಲ್ಪ ಕಡಿಮೆ. ಸಲ್ಫೇಟ್ ಹೊಟ್ಟೆ ತೊಳಸಿಸುವುದು ಹೆಚ್ಚು. ದುಬಾರಿ ಲವಣದ ಹೆಸರಿಗೆ ಹೆಚ್ಚು ಹಣ ಕೊಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ನಾಲ್ಕನೇ ಹೆಜ್ಜೆ: ಎಲ್ಲವನ್ನೂ ಕೂಡಿಸಿ

ಅಮೆರಿಕದ ಶಿಫಾರಸಿನಂತೆ ದಿನಕ್ಕೆ ವಯಸ್ಕ ಪುರುಷರಿಗೆ 11 ಮಿ.ಗ್ರಾಂ, ಮಹಿಳೆಯರಿಗೆ 8, ಗರ್ಭಿಣಿಯರಿಗೆ 11, ಹಾಲುಣಿಸುವವರಿಗೆ 12 ಸಾಕು. ಒಂದರಿಂದ ಮೂರು ವರ್ಷದ ಮಕ್ಕಳಿಗೆ 3, ನಾಲ್ಕರಿಂದ ಎಂಟು ವರ್ಷದವರಿಗೆ 5. ಫೈಟೇಟ್ ಹೆಚ್ಚಿರುವ ಊಟದವರಿಗೆ ಹೆಚ್ಚು ಬೇಕಾಗುತ್ತದೆ, ಯುರೋಪಿನ ಲೆಕ್ಕದಲ್ಲಿ ಅಂಥ ಪುರುಷರಿಗೆ 16 ಮಿ.ಗ್ರಾಂವರೆಗೂ ಹೇಳಿದ್ದಾರೆ. ದೇಶದಿಂದ ದೇಶಕ್ಕೆ ಅಂಕಿಗಳು ಬೇರೆಯಾಗಲು ಇದೇ ಮುಖ್ಯ ಕಾರಣ.

ಮೇಲಿನ ಮಿತಿಯೂ ಇದೆ. ವೈದ್ಯರ ನಿಗಾ ಇಲ್ಲದೆ ವಯಸ್ಕರು ದಿನವೂ ದಾಟಬಾರದ ಗೆರೆಯನ್ನು ಅಮೆರಿಕ 40 ಮಿ.ಗ್ರಾಂ ಎಂದಿದೆ, ಯುರೋಪ್ ಇನ್ನೂ ಬಿಗಿಯಾಗಿ 25 ಎಂದಿದೆ. ಇದು ಊಟ, ಮಾತ್ರೆ ಎರಡೂ ಸೇರಿದ ಲೆಕ್ಕ. ನನ್ನ ಸಲಹೆ 25ರ ಗೆರೆಯನ್ನೇ ಹಿಡಿಯುವುದು. ತಿಂಗಳುಗಟ್ಟಲೆ ತೆಗೆದುಕೊಳ್ಳುವ ಮಾತ್ರೆಯ ವಿಷಯದಲ್ಲಿ ಬಿಗಿ ಲೆಕ್ಕವೇ ಕ್ಷೇಮ.

ಒಂದು ಹಾಳೆ ತೆಗೆದುಕೊಂಡು ನೀವು ನುಂಗುವ ಎಲ್ಲದರ ಎಲಿಮೆಂಟಲ್ ಜಿಂಕ್ ಬರೆಯಿರಿ. ಉದಾಹರಣೆಗೆ, ದಿನದ ಮಲ್ಟಿವಿಟಮಿನ್‌ನಲ್ಲಿ 12, ಕೂದಲಿಗೆಂದು ಕೊಂಡ ಕ್ಯಾಪ್ಸೂಲ್‌ನಲ್ಲಿ 22, ನೆಗಡಿ ಬಂದಾಗ ಶುರು ಮಾಡಿ ಬಿಡದೇ ಹೋದ ಜಿಂಕ್ ಮಾತ್ರೆಯಲ್ಲಿ 50. ಒಟ್ಟು 84. ಊಟದ್ದು ಇನ್ನೂ ಸೇರಿಲ್ಲ. ಮೂರರಲ್ಲಿ ಯಾವುದೂ ಒಂದೊಂದಾಗಿ ನೋಡಿದಾಗ ಅಪಾಯಕಾರಿ ಅನ್ನಿಸುವುದಿಲ್ಲ, ಕೂಡಿದಾಗ ಸಡಿಲ ಮಿತಿಯ ಎರಡು ಪಟ್ಟನ್ನೂ ದಾಟಿತು. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಕೂರಿಸಲು ಬಳಸುವ ಕೆಲವು ಅಂಟುಗಳಲ್ಲೂ ಜಿಂಕ್ ಇರುತ್ತದೆ. ಅದನ್ನು ವರ್ಷಗಟ್ಟಲೆ ಧಾರಾಳವಾಗಿ ಬಳಸಿ ನರದ ತೊಂದರೆ ತಂದುಕೊಂಡವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ.

ಐದನೇ ಹೆಜ್ಜೆ: ಯಾವಾಗ, ಯಾವುದರ ಜತೆ

ಖಾಲಿ ಹೊಟ್ಟೆಯಲ್ಲಿ ಜಿಂಕ್ ಚೆನ್ನಾಗಿ ಹೀರಿಕೆಯಾಗುತ್ತದೆ, ಆದರೆ ಹಲವರಿಗೆ ಅರ್ಧ ಗಂಟೆಯೊಳಗೆ ಹೊಟ್ಟೆ ತೊಳಸುತ್ತದೆ, ವಾಂತಿಯೂ ಆಗಬಹುದು. ಹಾಗಾದರೆ ಊಟದ ಜತೆಗೇ ತೆಗೆದುಕೊಳ್ಳಿ. ಸ್ವಲ್ಪ ಕಡಿಮೆ ಹೀರಿಕೆಯಾದರೂ ಪರವಾಗಿಲ್ಲ, ವಾಂತಿಯಾಗಿ ಹೋದ ಮಾತ್ರೆಯಿಂದ ಏನೂ ಸಿಗುವುದಿಲ್ಲ.

ಬೇರೆ ಔಷಧಗಳ ಜತೆಗಿನ ಅಂತರ ಮಾತ್ರ ತಪ್ಪಬಾರದು. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್‌ಗಳಿಗೆ ಜಿಂಕ್ ಕರುಳಿನಲ್ಲೇ ಅಂಟಿಕೊಳ್ಳುತ್ತದೆ. ಔಷಧವೂ ದೇಹ ಸೇರುವುದಿಲ್ಲ, ಸೋಂಕೂ ಗುಣವಾಗುವುದಿಲ್ಲ. ಆಂಟಿಬಯಾಟಿಕ್ ಅನ್ನು ಜಿಂಕ್‌ಗಿಂತ ಎರಡು ಗಂಟೆ ಮೊದಲು, ಇಲ್ಲವೇ ಜಿಂಕ್ ನುಂಗಿ ನಾಲ್ಕರಿಂದ ಆರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬೇಕು. ಐದಾರು ದಿನದ ಕೋರ್ಸ್ ಆದರೆ, ನಿಮ್ಮ ವೈದ್ಯರು ಒಪ್ಪಿದಲ್ಲಿ, ಅಷ್ಟು ದಿನ ಜಿಂಕ್ ನಿಲ್ಲಿಸಿಬಿಡುವುದು ಸುಲಭ. ಸಂಧಿವಾತದಂಥ ಕಾಯಿಲೆಗಳಿಗೆ ಕೊಡುವ ಪೆನಿಸಿಲಮೈನ್ ಮಾತ್ರೆಗೂ ಡೊಲುಟೆಗ್ರಾವಿರ್‌ನಂಥ ಎಚ್‌ಐವಿ ಔಷಧಗಳಿಗೂ ಇದೇ ಬಗೆಯ ಅಂತರ ಬೇಕು, ಎಷ್ಟು ಗಂಟೆ ಎಂದು ಬರೆದುಕೊಟ್ಟವರನ್ನೇ ಕೇಳಿ.

25 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಕಬ್ಬಿಣದ ಮಾತ್ರೆ ಜತೆಯಲ್ಲಿದ್ದರೆ ಜಿಂಕ್ ಹೀರಿಕೆ ಕುಗ್ಗುತ್ತದೆ. ಒಂದನ್ನು ಬೆಳಗ್ಗೆ, ಇನ್ನೊಂದನ್ನು ರಾತ್ರಿ ಇಟ್ಟುಕೊಳ್ಳಿ. ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ಗುಂಪಿನ ಮೂತ್ರವರ್ಧಕಗಳು ಸತುವನ್ನು ಮೂತ್ರದಲ್ಲಿ ಹೊರಹಾಕುತ್ತವೆ, ವರ್ಷಗಟ್ಟಲೆ ಅವನ್ನು ತೆಗೆದುಕೊಳ್ಳುತ್ತಿರುವವರು ವೈದ್ಯರ ಗಮನಕ್ಕೆ ತರಬೇಕು.

ಮಕ್ಕಳ ಭೇದಿ: ಜಿಂಕ್ ನಿಜಕ್ಕೂ ಜೀವ ಕಾಯುವ ಜಾಗ

ಜಿಂಕ್ ಮಾತ್ರೆಯ ಬಗ್ಗೆ ಯಾವ ಅಳುಕೂ ಇಲ್ಲದೆ ಹೇಳಬಹುದಾದ ಉಪಯೋಗ ಇದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ ಒಟ್ಟಾಗಿ ಹೇಳಿದ ಕ್ರಮ ಹೀಗಿದೆ: ಭೇದಿಯಾಗುತ್ತಿರುವ ಮಗುವಿಗೆ ಓಆರ್‌ಎಸ್ ಜತೆ ದಿನಕ್ಕೆ 20 ಮಿ.ಗ್ರಾಂ ಜಿಂಕ್, ಆರು ತಿಂಗಳೊಳಗಿನ ಕೂಸಿಗೆ 10 ಮಿ.ಗ್ರಾಂ, 10ರಿಂದ 14 ದಿನ. ಭಾರತ ಮತ್ತು ತಾಂಜಾನಿಯಾದ ಮಕ್ಕಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ 5 ಮತ್ತು 10 ಮಿ.ಗ್ರಾಂ ಕೂಡ ಅಷ್ಟೇ ಕೆಲಸ ಮಾಡಿತು, ವಾಂತಿಯೂ ಕಡಿಮೆಯಿತ್ತು. ಆದ್ದರಿಂದ ನಿಮ್ಮ ಮಗುವಿನ ವೈದ್ಯರು 20ಕ್ಕಿಂತ ಕಡಿಮೆ ಬರೆದುಕೊಟ್ಟರೆ ಗಾಬರಿಯಾಗಬೇಡಿ, ಅವರು ಹೇಳಿದ ಅಳತೆಯನ್ನೇ ಕೊಡಿ.

ಕೊಡುವ ರೀತಿ ಸರಳ. ನೀರಿನಲ್ಲಿ ಕರಗುವ ಮಾತ್ರೆಯನ್ನು ಒಂದು ಚಮಚ ಶುದ್ಧ ನೀರಿನಲ್ಲೋ ಎದೆಹಾಲಿನಲ್ಲೋ ಹಾಕಿ, ಪೂರ್ತಿ ಕರಗಿದ ಮೇಲೆ ಕುಡಿಸಿ. ಅರ್ಧ ಗಂಟೆಯೊಳಗೆ ವಾಂತಿ ಮಾಡಿದರೆ ಇನ್ನೊಂದು ಸಲ ಕೊಡಬಹುದು. ಭೇದಿ ಮೂರನೇ ದಿನಕ್ಕೇ ನಿಂತರೂ ಹೇಳಿದಷ್ಟು ದಿನ ಮುಗಿಸಿ. ಮುಂದಿನ ಎರಡು ಮೂರು ತಿಂಗಳಲ್ಲಿ ಮತ್ತೆ ಭೇದಿಯಾಗುವ ಸಂಭವ ಕಡಿಮೆಯಾಗಲಿ ಎಂಬುದಕ್ಕೇ ಅಷ್ಟು ದಿನ. ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲೇ, ಮಗು ಆಟಕ್ಕೆ ಬಿದ್ದ ದಿನ ಮಾತ್ರೆ ಮರೆತುಹೋಗುತ್ತದೆ.

ಜಿಂಕ್ ಓಆರ್‌ಎಸ್‌ಗೆ ಬದಲಿ ಅಲ್ಲ. ಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಸಂಚಕಾರ ತರುವುದು ನೀರಿನ ನಷ್ಟ, ಅದನ್ನು ತುಂಬುವುದು ಓಆರ್‌ಎಸ್. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಕುಡಿಯಲೂ ಆಗದ ನಿಶ್ಶಕ್ತಿ, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೊರಡಿ.

ಇಲ್ಲೊಂದು ಪ್ರಶ್ನೆ ಏಳಬೇಕು. ಒಂದರಿಂದ ಮೂರು ವರ್ಷದ ಮಗುವಿಗೆ ದಿನದ ಮೇಲಿನ ಮಿತಿ 7 ಮಿ.ಗ್ರಾಂ ಎಂದಿರುವಾಗ 20 ಕೊಡುವುದು ಹೇಗೆ? ಮಿತಿ ಹೇಳಿರುವುದು ದಿನನಿತ್ಯದ, ಮುಗಿಯದ ಬಳಕೆಗೆ. ಭೇದಿಯ ಕೋರ್ಸ್‌ಗೆ ಕೊನೆಯಿದೆ, ಮೇಲಾಗಿ ಭೇದಿಯಲ್ಲಿ ಸತು ದೇಹದಿಂದ ಹರಿದುಹೋಗುತ್ತಲೂ ಇರುತ್ತದೆ. ಅದೇ ಮಾತ್ರೆಯನ್ನು 'ಮಗು ಚೆನ್ನಾಗಿ ಬೆಳೆಯಲಿ' ಎಂದು ತಿಂಗಳುಗಟ್ಟಲೆ ಮುಂದುವರಿಸಿದರೆ ಅದು ತಪ್ಪು.

ನೆಗಡಿ, ಕೊರೊನಾ, ಕಣ್ಣು

ನೆಗಡಿ ಶುರುವಾದ ಕೂಡಲೇ ಜಿಂಕ್ ಚೀಪುಗುಳಿಗೆ ಬಳಸಿದರೆ ಅದು ಒಂದೆರಡು ದಿನ ಬೇಗ ವಾಸಿಯಾಗಬಹುದು ಎಂಬುದಕ್ಕೆ ಆಧಾರವಿದೆ, ಗಟ್ಟಿ ಆಧಾರವಲ್ಲ. ನೆಗಡಿ ಬಾರದಂತೆ ತಡೆಯುವುದಿಲ್ಲ. ಬಳಸುವುದಾದರೆ ನೆಗಡಿ ಇರುವಷ್ಟು ದಿನ ಮಾತ್ರ. ಮೂಗಿಗೆ ಹಾಕುವ ಜಿಂಕ್ ಜೆಲ್, ಸ್ಪ್ರೇಗಳ ಹತ್ತಿರ ಹೋಗಲೇಬೇಡಿ. ಅವುಗಳಿಂದ ವಾಸನೆಯ ಶಕ್ತಿ ಕಳೆದುಕೊಂಡವರಿದ್ದು, ಕೆಲವರಿಗೆ ಅದು ಮರಳಲೇ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಕೊರೊನಾ ಕಾಲದಲ್ಲಿ ಮನೆಮನೆಗೂ ಜಿಂಕ್ ಬಂತು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜಿಂಕ್ ಗ್ಲೂಕೊನೇಟ್ ಮತ್ತು ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಎರಡರಿಂದಲೂ ಕೊರೊನಾ ಲಕ್ಷಣಗಳು ಬೇಗ ತಗ್ಗಲಿಲ್ಲ.

ವಯಸ್ಸಾದವರ ಕಣ್ಣಿನ ಮ್ಯಾಕ್ಯುಲಾ (ಅಕ್ಷಿಪಟಲದ ನಡುಭಾಗ) ಸವೆತದ ಮಧ್ಯಮ ಹಂತದಲ್ಲಿ ದೊಡ್ಡ ಪ್ರಮಾಣದ ಜಿಂಕ್ ವರ್ಷಗಟ್ಟಲೆ ಕೊಡುವುದುಂಟು. 2001ರಲ್ಲಿ ಫಲಿತಾಂಶ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ ಕೆಲವು ವಿಟಮಿನ್‌ಗಳ ಜತೆ 80 ಮಿ.ಗ್ರಾಂ ಜಿಂಕ್ ಬಳಸಿದರು, ಅದರೊಳಗೆ 2 ಮಿ.ಗ್ರಾಂ ತಾಮ್ರವನ್ನೂ ಸೇರಿಸಿದರು. ತಾಮ್ರ ಏಕೆ ಬೇಕಾಯಿತು ಎಂಬುದು ಮುಂದಿನ ವಿಷಯ.

ಸದ್ದಿಲ್ಲದೆ ಇಳಿಯುವ ತಾಮ್ರ

ಜಿಂಕ್ ಹೆಚ್ಚಾದಾಗ ಕರುಳಿನ ಒಳಪದರದ ಕೋಶಗಳು ಮೆಟಲೊಥಯೊನಿನ್ ಎಂಬ ಪ್ರೋಟೀನನ್ನು ಹೆಚ್ಚೆಚ್ಚು ತಯಾರಿಸುತ್ತವೆ. ಈ ಪ್ರೋಟೀನು ಸತುವಿಗಿಂತ ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಊಟದಲ್ಲಿ ಬಂದ ತಾಮ್ರ ರಕ್ತ ಸೇರದೆ ಆ ಕೋಶದಲ್ಲೇ ಸಿಕ್ಕಿಬೀಳುತ್ತದೆ. ಕೆಲವೇ ದಿನಗಳಲ್ಲಿ ಕೋಶ ಉದುರಿ ಮಲದ ಜತೆ ಹೊರಹೋಗುವಾಗ ತಾಮ್ರವೂ ಹೋಗುತ್ತದೆ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಗೆ ಜಿಂಕ್ ಅಸಿಟೇಟನ್ನು ಔಷಧವಾಗಿ ಕೊಡುವುದು ಇದೇ ಗುಣಕ್ಕಾಗಿ. ಆ ರೋಗಿಗೆ ವರವಾದದ್ದು ಉಳಿದವರಿಗೆ ಅಪಾಯ.

ದಿನಕ್ಕೆ 50 ಮಿ.ಗ್ರಾಂ ಹೆಚ್ಚುವರಿ ಜಿಂಕ್ ತೆಗೆದುಕೊಂಡ ಮಹಿಳೆಯರಲ್ಲಿ ಹತ್ತೇ ವಾರಗಳಲ್ಲಿ ತಾಮ್ರವನ್ನು ನೆಚ್ಚಿಕೊಂಡ ಕಿಣ್ವದ ಚಟುವಟಿಕೆ ಕುಗ್ಗಿದ್ದು ಅಧ್ಯಯನದಲ್ಲಿ ಕಂಡಿದೆ. ಆಗ ಹೊರಗೆ ಏನೂ ಕಾಣುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಕಬ್ಬಿಣದ ಮಾತ್ರೆಗೆ ಜಗ್ಗದ ರಕ್ತಹೀನತೆ, ಬಿಳಿ ರಕ್ತಕಣಗಳ ಇಳಿಕೆ ಬರಬಹುದು. ಇನ್ನೂ ಮುಂದುವರಿದರೆ ಪಾದಗಳಲ್ಲಿ ಜೋಮು, ನಡಿಗೆಯಲ್ಲಿ ತೂರಾಟ, ಕತ್ತಲಲ್ಲಿ ಆಯ ತಪ್ಪುವುದು. ಇದು ಬೆನ್ನುಹುರಿಗೆ ಆದ ಪೆಟ್ಟು. ಜಿಂಕ್ ನಿಲ್ಲಿಸಿ ತಾಮ್ರ ಕೊಟ್ಟರೆ ರಕ್ತ ಸುಧಾರಿಸುತ್ತದೆ, ನರಗಳು ಎಷ್ಟೋ ಸಲ ಪೂರ್ತಿ ಸುಧಾರಿಸುವುದಿಲ್ಲ. 'ಜಾಸ್ತಿಯಾದದ್ದು ಮೂತ್ರದಲ್ಲಿ ಹೋಗುತ್ತದೆ ಬಿಡಿ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುವುದು ಇದಕ್ಕೇ. ಜಿಂಕ್ ವಿಷಯದಲ್ಲಿ ಆ ಮಾತು ಸುಳ್ಳು.

ಕೊನೆಯ ಹೆಜ್ಜೆ: ನಿಲ್ಲಿಸುವುದು

ಮಾತ್ರೆ ಶುರು ಮಾಡಿದ ದಿನವೇ ಡಬ್ಬಿಯ ಮುಚ್ಚಳದ ಮೇಲೆ ಎರಡು ತಾರೀಖು ಬರೆಯಿರಿ, ಶುರುವಾದದ್ದು ಮತ್ತು ಮುಗಿಯಬೇಕಾದದ್ದು. ಎಷ್ಟು ದಿನ ಎಂದು ಬರೆದುಕೊಟ್ಟವರು ಹೇಳದಿದ್ದರೆ ಕೇಳಿ. ಕೊರತೆಗೆಂದು ಕೊಟ್ಟಿದ್ದರೆ ಮತ್ತೆ ಯಾವಾಗ ಪರೀಕ್ಷಿಸಬೇಕು ಎಂಬುದನ್ನೂ ಕೇಳಿ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬೇಡಿ. ಮಕ್ಕಳ ಕೈಗೆ ಸಿಗದಂತಿಡಿ, ಸಿಹಿ ಲೇಪದ ಚೀಪುಗುಳಿಗೆಗಳನ್ನಂತೂ ಬೀರುವಿನೊಳಗೇ ಇಡಿ.

ತಿಂಗಳುಗಳಿಂದ ಜಿಂಕ್ ತೆಗೆದುಕೊಳ್ಳುತ್ತಿದ್ದು ಕಾಲಿನಲ್ಲಿ ಜೋಮು, ಕಾರಣ ತಿಳಿಯದ ಸುಸ್ತು, ಪದೇಪದೇ ಸೋಂಕು ಕಾಣಿಸಿಕೊಂಡಿದ್ದರೆ ತಡ ಮಾಡದೆ ವೈದ್ಯರನ್ನು ಕಾಣಿ. ರಕ್ತಕಣಗಳ ಎಣಿಕೆ, ತಾಮ್ರ, ಸೆರುಲೊಪ್ಲಾಸ್ಮಿನ್ (ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನು) ಎಂಬ ಪರೀಕ್ಷೆಗಳಲ್ಲಿ ವಿಷಯ ಗೊತ್ತಾಗುತ್ತದೆ. ಹೋಗುವಾಗ ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ವಿಟಮಿನ್ ಡಬ್ಬಿ, ಕೂದಲಿನ ಕ್ಯಾಪ್ಸೂಲ್, ನೆಗಡಿಯ ಗುಳಿಗೆ, ಹಲ್ಲಿನ ಸೆಟ್ಟಿನ ಅಂಟು, ಎಲ್ಲವನ್ನೂ. 'ಯಾವ ಔಷಧ ತೆಗೆದುಕೊಳ್ಳುತ್ತಿದ್ದೀರಿ?' ಎಂದು ಕೇಳಿದಾಗ ಇವು ಯಾವುವೂ ನೆನಪಿಗೆ ಬರುವುದಿಲ್ಲ.